ಡ್ಯೂಟಿ, ಡಯಟ್, ಡಂಬೆಲ್

1998ರ ಅಕ್ಟೋಬರ್ 10. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಿಸ್ಟರ್ ಒಲಿಂಪಿಯಾ ಸ್ಪರ್ಧೆ ಕೊನೆಯ ಘಟ್ಟಕ್ಕೆ ಬಂದಿತ್ತು. ಗೆಲ್ಲುವುದು ಫ್ಲೆಕ್ಸ್ ವೀಲರ್ ಎಂದೇ ಬಹುಮಂದಿ ನಂಬಿದ್ದರು. ಎರಡನೇ ಸ್ಥಾನಕ್ಕೆ ಅವರದೇ ಹೆಸರು ಕೂಗಿದಾಗ, ಹಿಂದಿನ ವರ್ಷ ಒಂಬತ್ತನೇ ಸ್ಥಾನಕ್ಕೆ ಜಾರಿದ್ದ ರಾನಿ ಕೋಲ್ಮನ್ ನಿಂತಲ್ಲೇ ಕುಸಿದು ವೇದಿಕೆಯ ಮೇಲೆ ಮಲಗಿಬಿಟ್ಟರು. ದೇಹದಾರ್ಢ್ಯದ ಜಗತ್ತಿನಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಅದನ್ನು ಗೆದ್ದ ಮನುಷ್ಯ ಟೆಕ್ಸಾಸ್‌ನ ಆರ್ಲಿಂಗ್ಟನ್ ನಗರದ ಪೊಲೀಸ್. ಹೆಸರಿಗಷ್ಟೇ ಪೊಲೀಸ್ ಅಲ್ಲ, ಪಾಳಿಯ ಮೇಲೆ ಗಸ್ತು ತಿರುಗುವ ಪೂರ್ಣಾವಧಿ ಅಧಿಕಾರಿ.

ಗೆದ್ದ ಮೇಲೂ ಕೋಲ್ಮನ್ ಕೆಲಸ ಬಿಡಲಿಲ್ಲ. 1989ರಲ್ಲಿ ತೊಟ್ಟ ಸಮವಸ್ತ್ರವನ್ನು 2000ದವರೆಗೆ ಪೂರ್ಣಾವಧಿಗೆ, ಆಮೇಲೆ 2003ರವರೆಗೆ ಮೀಸಲು ಅಧಿಕಾರಿಯಾಗಿ ತೊಟ್ಟರು. 1998ರಿಂದ 2005ರವರೆಗೆ ಒಂದೂ ವರ್ಷ ತಪ್ಪದೆ ಎಂಟು ಸಲ ಮಿಸ್ಟರ್ ಒಲಿಂಪಿಯಾ ಆದರು. ಅಂದರೆ ಆ ಎಂಟರಲ್ಲಿ ಹೆಚ್ಚಿನ ಪ್ರಶಸ್ತಿಗಳು ಒಂದಲ್ಲ ಒಂದು ರೀತಿಯಲ್ಲಿ ಪೊಲೀಸ್ ಇಲಾಖೆಯ ನಂಟು ಇದ್ದಾಗಲೇ ಬಂದವು. ಅವರ ಆ ಕಾಲದ ತರಬೇತಿ ವಿಡಿಯೊಗಳನ್ನು ನೋಡಿದವರಿಗೆ ಗೊತ್ತು: ಜಿಮ್‌ನಲ್ಲಿ ಕಬ್ಬಿಣ ಎತ್ತುವ ಅದೇ ಮನುಷ್ಯ ಮುಂದಿನ ದೃಶ್ಯದಲ್ಲಿ ತೋಳಿನ ಹೊಲಿಗೆ ಬಿಗಿದು ನಿಂತ ಪೊಲೀಸ್ ದಿರಿಸು ತೊಟ್ಟು, ಕಾರಿನಲ್ಲಿ ಕೂತು ಡ್ಯೂಟಿಗೆ ಹೊರಡುತ್ತಾರೆ.

ಅವರು ಈ ದಾರಿಗೆ ಬಂದದ್ದೇ ನೌಕರಿಯ ಮೂಲಕ. ಗ್ರ್ಯಾಂಬ್ಲಿಂಗ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಕೌಂಟಿಂಗ್ ಓದಿ 1984ರಲ್ಲಿ ಒಳ್ಳೆಯ ಅಂಕಗಳೊಂದಿಗೆ ಪದವಿ ಪಡೆದರೂ ಲೆಕ್ಕಿಗನ ಕೆಲಸ ಸಿಗಲಿಲ್ಲ. ಡೊಮಿನೋಸ್ ಪಿಜ್ಜಾ ಅಂಗಡಿಯಲ್ಲಿ ದುಡಿದರು. ಕೊನೆಗೆ ಪೊಲೀಸ್ ಇಲಾಖೆ ಸೇರಿದರು. ಅಲ್ಲಿನ ಸಹೋದ್ಯೋಗಿಯೊಬ್ಬರು ಮೆಟ್ರೋಫ್ಲೆಕ್ಸ್ ಎಂಬ ಜಿಮ್‌ಗೆ ಕರೆದುಕೊಂಡು ಹೋದರು. ಟೆಕ್ಸಾಸ್‌ನ ಬಿಸಿಲಿಗೂ ಎ.ಸಿ. ಇಲ್ಲದ, ತುಕ್ಕು ಹಿಡಿದ ತೂಕಗಳ ಜಿಮ್ ಅದು. ಮಾಲೀಕ ಬ್ರಯಾನ್ ಡಾಬ್ಸನ್ ಹೊಸಬನ ಮೈಕಟ್ಟು ನೋಡಿ, ‘ಮಿಸ್ಟರ್ ಟೆಕ್ಸಾಸ್’ ಸ್ಪರ್ಧೆಗೆ ತಯಾರಾಗುವುದಾದರೆ ಜೀವನಪೂರ್ತಿ ಸದಸ್ಯತ್ವ ಉಚಿತ ಎಂದರು. 1990ರಲ್ಲಿ ಕೋಲ್ಮನ್ ಆ ಸ್ಪರ್ಧೆ ಗೆದ್ದರು. ಮರುವರ್ಷ ವಿಶ್ವ ಅಮೆಚೂರ್ ಪ್ರಶಸ್ತಿಯನ್ನೂ ಗೆದ್ದರು. ಅಲ್ಲಿಂದ ಮೊದಲ ಒಲಿಂಪಿಯಾ ಕಿರೀಟಕ್ಕೆ ಇನ್ನೂ ಏಳು ವರ್ಷ ಹಿಡಿಯಿತು. ಅಷ್ಟೂ ವರ್ಷ ಮನೆ ನಡೆದದ್ದು ಪೊಲೀಸ್ ಸಂಬಳದಿಂದ.

ಕೋಲ್ಮನ್ ಅವರ ಪ್ರತಿಭೆ ಸಾವಿರದಲ್ಲಿ ಒಬ್ಬರಿಗೂ ಸಿಗದಂಥದ್ದು, ನಿಜ. ವೃತ್ತಿಪರ ವೇದಿಕೆಯ ಆ ಗಾತ್ರ ಊಟ, ವ್ಯಾಯಾಮಗಳಿಂದ ಮಾತ್ರ ಬರುವಂಥದ್ದಲ್ಲ ಎಂಬುದೂ ನಿಜ. ಆ ವಿಷಯಕ್ಕೆ ಮುಂದೆ ಬರಬೇಕು. ಆದರೂ ಅವರ ಕಥೆಯಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಕೆಲಸಕ್ಕೆ ಹೋಗುವವರು ದೇಹದಾರ್ಢ್ಯದ ಸ್ಪರ್ಧೆಗೆ ಇಳಿಯುವುದು ಈ ಕ್ರೀಡೆಯಲ್ಲಿ ಅಪವಾದವಲ್ಲ, ಅದೇ ರೂಢಿ. 1977ರಿಂದ 1979ರವರೆಗೆ ಮೂರು ಸಲ ಒಲಿಂಪಿಯಾ ಗೆದ್ದ ಫ್ರಾಂಕ್ ಝೇನ್ ಗಣಿತ, ರಸಾಯನಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಎರಡು ಸಲ ಗೆದ್ದ ಫ್ರಾಂಕೊ ಕೊಲಂಬು ಬೆನ್ನು, ಕೀಲುಗಳ ಚಿಕಿತ್ಸೆ ಕಲಿತ ಕೈರೊಪ್ರಾಕ್ಟರ್. ಅದಕ್ಕೂ ಮೊದಲು ಅವರೂ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರೂ ಕ್ಯಾಲಿಫೋರ್ನಿಯಾದಲ್ಲಿ ಇಟ್ಟಿಗೆ ಗಾರೆ ಕೆಲಸದ ಗುತ್ತಿಗೆ ಹಿಡಿಯುತ್ತಿದ್ದರು. 1977ರ ‘ಪಂಪಿಂಗ್ ಐರನ್’ ಸಾಕ್ಷ್ಯಚಿತ್ರದಲ್ಲಿ ಕಾಣುವ ಮೈಕ್ ಕ್ಯಾಟ್ಜ್ ಶಾಲಾ ಶಿಕ್ಷಕ. ಈ ಕ್ರೀಡೆ ಮೊದಲಿನಿಂದಲೂ ಸಂಬಳದವರ ಹೆಗಲ ಮೇಲೇ ನಿಂತಿದೆ.

ಹಾಗಿದ್ದೂ ಇವತ್ತು ಬೆಂಗಳೂರಿನ ಯಾವುದೇ ಜಿಮ್‌ನಲ್ಲಿ ಕೇಳಿ, ಸ್ಟೇಜ್ ಏರುವ ಆಸೆ ಇರುವವರೆಲ್ಲ ಮೊದಲು ಹೇಳುವ ಮಾತು ಒಂದೇ: ಟೈಮ್ ಇಲ್ಲ. ಆಫೀಸು ಹತ್ತು ಗಂಟೆ, ಸಿಲ್ಕ್ ಬೋರ್ಡ್ ದಾಟಲು ಒಂದು ಗಂಟೆ, ಇನ್ನು ಜಿಮ್ ಎಲ್ಲಿ ಎನ್ನುತ್ತಾರೆ. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಏಕೆಂದರೆ ಕೊರತೆ ಬೀಳುವುದು ಜಿಮ್‌ನ ಗಂಟೆಗಳಲ್ಲಿ ಅಲ್ಲ.

ಸ್ನಾಯು ಬೆಳೆಸಲು ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಗಟ್ಟಿಯಾಗಿ ಮಾಡಿದರೆ ಸಾಲುತ್ತದೆ. ಬೆಳೆಸಿದ್ದನ್ನು ಉಳಿಸಿಕೊಳ್ಳಲು ಅಷ್ಟೂ ಬೇಕಿಲ್ಲ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ಆಧಾರ. 16 ವಾರ ವ್ಯಾಯಾಮ ಮಾಡಿಸಿ, ಆಮೇಲೆ 32 ವಾರ ಕೆಲವರಿಗೆ ಅದರ ಒಂಬತ್ತನೇ ಒಂದು ಭಾಗ ಮಾತ್ರ ಮಾಡಿಸಿದರು. 20ರಿಂದ 35ರ ವಯಸ್ಸಿನವರು ಅಷ್ಟರಲ್ಲೇ ಗಳಿಸಿದ ಸ್ನಾಯುವನ್ನು ಉಳಿಸಿಕೊಂಡರು. 60 ದಾಟಿದವರಿಗೆ ಮಾತ್ರ ಅದು ಸಾಕಾಗಲಿಲ್ಲ. ಆಫೀಸಿನಲ್ಲಿ ಪ್ರಾಜೆಕ್ಟ್ ರಿಲೀಸ್ ಇರುವ ತಿಂಗಳಲ್ಲಿ ವಾರಕ್ಕೆ ಎರಡೇ ದಿನ ಜಿಮ್‌ಗೆ ಹೋಗಲು ಸಾಧ್ಯವಾದರೆ ಮೈ ಕರಗಿಹೋಗುತ್ತದೆಂದು ಹೆದರುವ ಯುವಕರು ಈ ಅಂಕಿಗಳನ್ನು ನೆನಪಿಟ್ಟುಕೊಳ್ಳಬಹುದು.

ಹಾಗಾದರೆ ಕಷ್ಟ ಎಲ್ಲಿದೆ? ಅಡುಗೆಮನೆಯಲ್ಲಿ ಮತ್ತು ಹಾಸಿಗೆಯಲ್ಲಿ. ಓಟಗಾರ ಟ್ರ್ಯಾಕ್‌ನಿಂದ ಹೊರಬಂದರೆ ಅವನ ಆಟ ಅಲ್ಲಿಗೆ ಮುಗಿಯುತ್ತದೆ. ಸ್ಪರ್ಧೆಗೆ ನಿಂತ ದೇಹದಾರ್ಢ್ಯ ಪಟುವಿಗೆ ಆ ಬಿಡುವು ಇಲ್ಲ. ಸ್ಪರ್ಧೆಗೆ ಮೊದಲಿನ ಹನ್ನೆರಡರಿಂದ ಇಪ್ಪತ್ತು ವಾರಗಳ ‘ಕಟಿಂಗ್’ನಲ್ಲಿ, ಅಂದರೆ ಕೊಬ್ಬು ಇಳಿಸುವ ಅವಧಿಯಲ್ಲಿ, ಊಟದ ಪ್ರತಿ ತುತ್ತೂ, ನಿದ್ದೆಯ ಪ್ರತಿ ಗಂಟೆಯೂ ಆಟದ ಭಾಗವೇ. ಮೀಟಿಂಗ್‌ನಲ್ಲಿ ಕೂತಾಗಲೂ ಅವನು ಹಸಿದಿರುತ್ತಾನೆ. ಆ ಹಸಿವನ್ನು ಮನೆಯಲ್ಲಿ ಬಿಟ್ಟು ಆಫೀಸಿಗೆ ಹೋಗಲು ಆಗುವುದಿಲ್ಲ. ನೌಕರಿಗೂ ಸ್ಪರ್ಧೆಗೂ ನಿಜವಾದ ಘರ್ಷಣೆ ಆಗುವುದು ಇಲ್ಲಿ.

ಆ ಹಸಿವು ದೇಹವನ್ನು ಎಲ್ಲಿಯವರೆಗೆ ಒಯ್ಯುತ್ತದೆ ಎನ್ನುವುದಕ್ಕೆ 2013ರಲ್ಲಿ ಪ್ರಕಟವಾದ ಒಂದು ದಾಖಲೆ ಇದೆ. ಔಷಧಗಳನ್ನು ಬಳಸದ ಒಬ್ಬ ಪಟುವನ್ನು ಸಂಶೋಧಕರು ಇಡೀ ಒಂದು ವರ್ಷ ಅಳೆದರು: ಸ್ಪರ್ಧೆಗೆ ಮೊದಲು ಆರು ತಿಂಗಳು, ಆಮೇಲೆ ಆರು ತಿಂಗಳು. ಮೈಯ ಕೊಬ್ಬು ಶೇ 14.8ರಿಂದ ಶೇ 4.5ಕ್ಕೆ ಇಳಿಯಿತು. ವೇದಿಕೆಯ ಮೇಲೆ ಗೀರು ಗೀರಾಗಿ ಕಾಣುವ ಸ್ನಾಯುಗಳಿಗೆ ಅಷ್ಟು ಇಳಿಯಲೇಬೇಕು. ಆದರೆ ಅದರ ಜೊತೆಗೆ ಇಳಿದದ್ದು ಇನ್ನೂ ಬಹಳ. ರಕ್ತದಲ್ಲಿನ ಟೆಸ್ಟೊಸ್ಟೆರಾನ್ ಮಿಲಿಲೀಟರಿಗೆ 9.22 ನ್ಯಾನೊಗ್ರಾಂನಿಂದ 2.27ಕ್ಕೆ ಬಂತು, ಅಂದರೆ ಕಾಲು ಭಾಗದಷ್ಟಾಯಿತು. ನಿಮಿಷಕ್ಕೆ 53 ಇದ್ದ ಎದೆಬಡಿತ 27ಕ್ಕೆ ಕುಸಿಯಿತು. ಮನಸ್ಸಿನ ಕಸಿವಿಸಿಯನ್ನು ಅಳೆಯುವ ಪ್ರಶ್ನಾವಳಿಯಲ್ಲಿ 6 ಇದ್ದ ಅಂಕ 43ಕ್ಕೆ ಏರಿತು. ಇದು ಮೋಸ ಮಾಡದ, ಲೆಕ್ಕಾಚಾರದಿಂದ ತಯಾರಾದ ಮನುಷ್ಯನ ಸ್ಥಿತಿ. ಅಂಥ ಸ್ಥಿತಿಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಲಾಗಿನ್ ಆಗಿ, ಗ್ರಾಹಕನ ಜೊತೆ ನಗುನಗುತ್ತಾ ಮಾತಾಡಿ, ಸಂಜೆ ಮಕ್ಕಳ ಹೋಮ್‌ವರ್ಕ್ ನೋಡಬೇಕು.

ಹಸಿದ ತಲೆ ಕೆಲಸ ಮಾಡುತ್ತದೆಯೇ? ಎರಡನೇ ಮಹಾಯುದ್ಧದ ಕೊನೆಯಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ ಈ ಪ್ರಶ್ನೆಗೆ ಹತ್ತಿರದ ಉತ್ತರ ಕೊಡುತ್ತದೆ. 36 ಮಂದಿ ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಹಾಕಿದರು. ತೂಕ ಸುಮಾರು ಕಾಲು ಭಾಗ ಇಳಿಯುವಂತೆ ಊಟವನ್ನು ಲೆಕ್ಕ ಹಾಕಲಾಗಿತ್ತು. ಅವರು ಅಡುಗೆ ಪುಸ್ತಕ ಓದತೊಡಗಿದರು, ಊಟದ ಬಗ್ಗೆಯೇ ಮಾತಾಡಿದರು, ಸಿಡುಕಿದರು, ಒಬ್ಬೊಬ್ಬರೇ ಇರಲು ಬಯಸಿದರು. ಏಕಾಗ್ರತೆ ಹೋಯಿತು ಎಂದು ಅವರೇ ದೂರಿದರು. ಆದರೆ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ಕುಸಿತ ಕಾಣಲಿಲ್ಲ. ಕಟಿಂಗ್‌ನಲ್ಲಿರುವ ನೌಕರರಿಗೆ ಇದರಲ್ಲಿ ತಿಳಿಯಬೇಕಾದ್ದು ಇದೆ. ಲೆಕ್ಕ ತಪ್ಪುವುದಕ್ಕಿಂತ ಮಾತು ತಪ್ಪುವ ಅಪಾಯ ಹೆಚ್ಚು. ಕೆಲಸ ಹೇಗೋ ನಡೆಯುತ್ತದೆ. ತಂಡದ ಹುಡುಗನ ಮೇಲೆ ರೇಗುವುದು, ಮನೆಯಲ್ಲಿ ಮಾತು ಬಿಡುವುದು, ಒಂದು ಸಾಲಿನ ಇ–ಮೇಲ್‌ಗೆ ಕೆರಳುವುದು, ನಷ್ಟ ಆಗುವುದು ಇಂಥ ಕಡೆ.

ನಿದ್ದೆಯ ಲೆಕ್ಕ ಇನ್ನೂ ಕಟು. ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಮಂದಿ ಅಧಿಕ ತೂಕದವರಿಗೆ ಎರಡು ವಾರ ಒಂದೇ ಬಗೆಯ ಕಡಿಮೆ ಕ್ಯಾಲೊರಿ ಊಟ ಕೊಟ್ಟರು. ಒಂದು ಸರದಿಯಲ್ಲಿ ರಾತ್ರಿ ಎಂಟೂವರೆ ಗಂಟೆ ಮಲಗುವ ಅವಕಾಶ, ಇನ್ನೊಂದರಲ್ಲಿ ಐದೂವರೆ ಗಂಟೆ. ಎರಡರಲ್ಲೂ ಹತ್ತಿರ ಹತ್ತಿರ ಒಂದೇ ತೂಕ ಇಳಿಯಿತು. ಆದರೆ ಚೆನ್ನಾಗಿ ಮಲಗಿದಾಗ 1.4 ಕೆ.ಜಿ. ಕೊಬ್ಬು ಹೋದರೆ, ನಿದ್ದೆಗೆಟ್ಟಾಗ ಹೋದದ್ದು 0.6 ಕೆ.ಜಿ. ಮಾತ್ರ. ಉಳಿದದ್ದೆಲ್ಲ ಸ್ನಾಯು ಮುಂತಾದ ಕೊಬ್ಬಲ್ಲದ ಭಾಗ. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ್ದನ್ನು ರಾತ್ರಿಪಾಳಿ ಕರಗಿಸುತ್ತದೆ ಎಂದರೆ ಅತಿಶಯವಲ್ಲ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಜಿಮ್‌ಗೆ ಹೋಗುವುದನ್ನು ಸಾಹಸವೆಂದು ಹಾಡಿ ಹೊಗಳುವ ರೂಢಿ ನಮ್ಮಲ್ಲಿದೆ. ಹತ್ತಕ್ಕೇ ಮಲಗಿದವರಿಗೆ ಅದು ಸಾಹಸ. ಅಮೆರಿಕದ ಕಚೇರಿಯ ಕರೆ ಮುಗಿಸಿ ಹನ್ನೆರಡೂವರೆಗೆ ಮಲಗಿದವರಿಗೆ ಅದು ನಷ್ಟ. ಅಂಥವರು ಒಂದು ದಿನದ ವ್ಯಾಯಾಮ ಬಿಟ್ಟು ಮಲಗುವುದೇ ಮೇಲು.

ಸ್ಪರ್ಧೆಗೆ ಮೂರು ವಾರ ಇರುವಾಗ ಇಂಥ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯ ಬ್ಯಾಗನ್ನು ಬಿಚ್ಚಿ ನೋಡಿದರೆ ಏನಿರುತ್ತದೆ? ಲ್ಯಾಪ್‌ಟಾಪಿನ ಪಕ್ಕ ಐದು ಡಬ್ಬಿ. ಒಂದರಲ್ಲಿ ಬೇಯಿಸಿದ ಮೊಟ್ಟೆಯ ಬಿಳಿಭಾಗ, ಎರಡರಲ್ಲಿ ಉಪ್ಪು ಕಮ್ಮಿ ಹಾಕಿ ಬೇಯಿಸಿದ ಚಿಕನ್ ಮತ್ತು ತೂಕ ಮಾಡಿ ಹಾಕಿದ ಅನ್ನ, ಇನ್ನೊಂದರಲ್ಲಿ ಸೌತೆಕಾಯಿ, ಬೀನ್ಸ್. ಕೊನೆಯದರಲ್ಲಿ ಪ್ರೋಟೀನ್ ಪುಡಿ. ನೀರು ಬೆರೆಸಿ ಕುಲುಕಲು ಶೇಕರ್ ಬಾಟಲಿ. ಮೂರು ಗಂಟೆಗೊಮ್ಮೆ ಮೊಬೈಲ್ ಅಲಾರಂ. ಪ್ಯಾಂಟ್ರಿಯ ಮೈಕ್ರೊವೇವ್ ಮುಂದೆ ಸಾಲು. ಪಕ್ಕದ ಡೆಸ್ಕ್‌ನಲ್ಲಿ ಯಾರದೋ ಹುಟ್ಟುಹಬ್ಬ, ಕೇಕಿನ ತುಂಡು ಹಿಡಿದು ಬಂದವರು ‘ಒಂದೇ ಒಂದು ಪೀಸ್, ಏನಾಗಲ್ಲ ತಗೊಳ್ಳೋ’ ಎನ್ನುತ್ತಾರೆ. ಬೇಡ ಎಂದರೆ ಜಂಬ ಎನ್ನುತ್ತಾರೆ. ಊರಿಗೆ ಹೋದರೆ ಅಜ್ಜಿ ಮುದ್ದೆಯ ಮೇಲೆ ತುಪ್ಪ ಹಾಕಿ ‘ಯಾಕೋ ಮಗಾ ಹಿಂಗೆ ಸೊರಗಿ ಹೋಗಿದೀಯ’ ಎಂದು ಕಣ್ಣೀರು ಹಾಕುತ್ತಾರೆ. ಕಟಿಂಗ್‌ನ ಕೊನೆಯಲ್ಲಿ ಬಟ್ಟೆ ಹಾಕಿಕೊಂಡಾಗ ಪಟು ನಿಜಕ್ಕೂ ಸೊರಗಿದವನ ಹಾಗೇ ಕಾಣುತ್ತಾನೆ. ಕೆನ್ನೆ ಒಳಗೆ ಹೋಗಿರುತ್ತದೆ, ಕುರ್ಚಿಯ ಮೇಲೆ ಕೂತರೆ ಎಲುಬು ಒತ್ತುತ್ತದೆ, ಎ.ಸಿ. ಗಾಳಿಗೆ ಚಳಿ ಹತ್ತುತ್ತದೆ.

ಖರ್ಚನ್ನೂ ಇಲ್ಲೇ ಹೇಳಿಬಿಡಬೇಕು. 80 ಕೆ.ಜಿ. ತೂಕದ ಪಟುವಿಗೆ ಕೆ.ಜಿ.ಗೆ 2 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 160 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಅಷ್ಟನ್ನೂ ಮೊಟ್ಟೆಯಿಂದಲೇ ಪಡೆಯುವುದಾದರೆ ದಿನಕ್ಕೆ ಇಪ್ಪತ್ತಾರು, ಇಪ್ಪತ್ತೇಳು ಮೊಟ್ಟೆ. ಹುರುಳಿ, ಸೋಯಾ, ಮೊಸರು, ಕೋಳಿ ಹೀಗೆ ಹಂಚಿಕೊಂಡರೂ ಮನೆಯ ಉಳಿದವರ ದಿನಸಿಗಿಂತ ಒಬ್ಬನ ಊಟವೇ ದುಬಾರಿ. ಅದರ ಮೇಲೆ ತರಬೇತುದಾರರ ಫೀಸು, ಪ್ರಯಾಣ, ವೇದಿಕೆಗೆ ಹಚ್ಚುವ ಟ್ಯಾನ್ ಬಣ್ಣ. ಜಿಲ್ಲಾ ಮಟ್ಟದಲ್ಲಿ ಗೆದ್ದರೆ ಕೈಗೆ ಬರುವುದು ಟ್ರೋಫಿ, ಪ್ರಮಾಣಪತ್ರ, ಹೆಚ್ಚೆಂದರೆ ಸಣ್ಣ ಮೊತ್ತ. ಆದ್ದರಿಂದಲೇ ‘ಬಾಡಿಬಿಲ್ಡಿಂಗ್‌ಗೋಸ್ಕರ ಕೆಲಸ ಬಿಡ್ತೀನಿ’ ಎನ್ನುವ ಇಪ್ಪತ್ತನಾಲ್ಕರ ಹುಡುಗನಿಗೆ ಹತ್ತಿರದವರು ಗಟ್ಟಿಯಾಗಿ ಬೇಡ ಎನ್ನಬೇಕು. ಸಂಬಳ ನಿಂತ ದಿನ ಊಟದ ಗುಣಮಟ್ಟ ಇಳಿಯುತ್ತದೆ, ಊಟ ಇಳಿದರೆ ಮೈ ಇಳಿಯುತ್ತದೆ, ಆಮೇಲೆ ಸಾಲ ಮತ್ತು ಅಡ್ಡದಾರಿ.

ಭಾರತದಲ್ಲಿ ಈ ಕ್ರೀಡೆ ಬದುಕಿದ್ದು ಸಂಬಳ ಕೊಟ್ಟ ಸಂಸ್ಥೆಗಳಿಂದ ಎನ್ನುವುದನ್ನು ಚರಿತ್ರೆಯೇ ಹೇಳುತ್ತದೆ. 4 ಅಡಿ 11 ಅಂಗುಲ ಎತ್ತರದ ‘ಪಾಕೆಟ್ ಹರ್ಕ್ಯುಲಸ್’ ಮನೋಹರ್ ಐಚ್ ಅವರ ಬದುಕನ್ನೇ ನೋಡಬಹುದು. ಬಂಗಾಳದ ಈ ಮನುಷ್ಯ 1942ರಲ್ಲಿ ಬ್ರಿಟಿಷರ ರಾಯಲ್ ಏರ್ ಫೋರ್ಸ್ ಸೇರಿದರು. ಭಾರತೀಯರನ್ನು ಹೀನಾಯವಾಗಿ ಆಡಿದ ಅಧಿಕಾರಿಯ ಕೆನ್ನೆಗೆ ಹೊಡೆದು ಜೈಲು ಸೇರಿದರು. ಜೈಲಿನಲ್ಲೇ ಗಂಟೆಗಟ್ಟಲೆ ಸಾಮು ಮಾಡಿದರು. ಹೊರಬಂದ ಮೇಲೆ ಹೊಟ್ಟೆಪಾಡಿಗೆ ಕಲ್ಕತ್ತದ ಸಿಯಾಲ್ಡಾ ರೈಲು ನಿಲ್ದಾಣದಲ್ಲಿ ಎಳನೀರು ಮಾರಿದ್ದೂ ಉಂಟು. 1951ರಲ್ಲಿ ಲಂಡನ್ನಿನ ಮಿಸ್ಟರ್ ಯೂನಿವರ್ಸ್ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂತು. ಊರಿಗೆ ಮರಳದೆ ಅಲ್ಲೇ ಬ್ರಿಟಿಷ್ ರೈಲ್ವೆಯಲ್ಲಿ ಕೆಲಸ ಹಿಡಿದು ವರ್ಷವಿಡೀ ದುಡಿಯುತ್ತಲೇ ತಯಾರಾದರು. 1952ರಲ್ಲಿ ತಮ್ಮ ಎತ್ತರದ ವಿಭಾಗದಲ್ಲಿ ಮಿಸ್ಟರ್ ಯೂನಿವರ್ಸ್ ಆದರು. 2016ರಲ್ಲಿ ತೀರಿಕೊಂಡಾಗ ಅವರ ವಯಸ್ಸು ನೂರು ದಾಟಿತ್ತು.

ಪಂಜಾಬಿನ ಪ್ರೇಮ್‌ಚಂದ್ ಡೇಗ್ರಾ ಟಾಟಾ ಉಕ್ಕಿನ ಕಾರ್ಖಾನೆಯ ನೌಕರಿಯಲ್ಲಿದ್ದವರು. 1988ರಲ್ಲಿ ವಿಶ್ವ ಅಮೆಚೂರ್ ಪ್ರಶಸ್ತಿ ಗೆದ್ದರು. 1986ರಲ್ಲಿ ಅರ್ಜುನ, 1990ರಲ್ಲಿ ಪದ್ಮಶ್ರೀ ಬಂತು. ರೈಲ್ವೆ, ನೌಕಾಪಡೆ, ಪೊಲೀಸ್ ತಂಡಗಳು ರಾಷ್ಟ್ರೀಯ ಕೂಟಗಳಲ್ಲಿ ಮುಂದೆ ಇರುವುದಕ್ಕೂ ಇದೇ ಕಾರಣ. ಕ್ರೀಡಾ ಕೋಟಾದಲ್ಲಿ ಸೇರಿದವರಿಗೆ ಅಭ್ಯಾಸಕ್ಕೆ ಬಿಡುವು, ಸ್ಪರ್ಧೆಗೆ ರಜೆ, ತಿಂಗಳಿಗೆ ತಪ್ಪದ ಸಂಬಳ ಸಿಗುತ್ತದೆ. ಅಖಿಲ ಭಾರತ ಪೊಲೀಸ್ ಕುಸ್ತಿ ಕ್ಲಸ್ಟರ್ ಕೂಟದಲ್ಲಿ ಕುಸ್ತಿ, ಬಾಕ್ಸಿಂಗ್ ಜೊತೆ ದೇಹದಾರ್ಢ್ಯವೂ ಇದೆ. ಆದರೆ ಹೊರಗಿನ ಮನ್ನಣೆ ಕ್ಷೀಣಿಸಿದೆ. ಏಷ್ಯನ್ ಕ್ರೀಡಾಕೂಟದಲ್ಲಿ ದೇಹದಾರ್ಢ್ಯ ಇದ್ದದ್ದು 2002ರ ಬುಸಾನ್ ಮತ್ತು 2006ರ ದೋಹಾದಲ್ಲಿ ಮಾತ್ರ. ಒಲಿಂಪಿಕ್ಸ್ ಪದಕ ಕ್ರೀಡೆಗಳ ಪಟ್ಟಿಗೆ ಇದು ಸೇರಿಯೇ ಇಲ್ಲ. ಹಾಗಾಗಿ ಖಾಸಗಿ ಕಂಪನಿಯಲ್ಲಿ ದುಡಿಯುವ ಪಟುವಿಗೆ ತನ್ನ ಸ್ಪರ್ಧೆಯ ರಜೆ ಕೇಳಲು ಗಳಿಕೆ ರಜೆಯ ಲೆಕ್ಕ ಬಿಟ್ಟರೆ ಬೇರೆ ಆಸರೆ ಇಲ್ಲ.

ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ಹೆಮ್ಮೆಯ ಹೆಸರಿದೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್. ಅವರನ್ನು ಕಾದಂಬರಿಕಾರರೆಂದೇ ಬಲ್ಲವರು ಬಹಳ ಮಂದಿ. ಬೆಂಗಳೂರಿನಲ್ಲಿ ಹರ್ಕ್ಯುಲಸ್ ವ್ಯಾಯಾಮಶಾಲೆ ನಡೆಸಿ, ತಮ್ಮ ಮೈಯನ್ನೇ ಮಾದರಿಯಾಗಿಟ್ಟು ‘ಮಸಲ್ ಕಲ್ಟ್’, ‘ಪರ್ಫೆಕ್ಟ್ ಫಿಸಿಕ್’ ಎಂಬ ಇಂಗ್ಲಿಷ್ ಪುಸ್ತಕಗಳನ್ನು 1930ರ ದಶಕದಲ್ಲಿ ಹೊರತಂದವರೂ ಅವರೇ. ಬಾರ್ಬೆಲ್ ಜೊತೆಗೆ ಆಸನ, ಸೂರ್ಯ ನಮಸ್ಕಾರ ಸೇರಿಸಿ ಕಲಿಸಿದರು. ನಾಟಕಕಾರ ಕೈಲಾಸಂ ಅವರ ಆಪ್ತರು, ‘ರವಿ ಕಲಾವಿದರು’ ನಾಟಕ ತಂಡದ ಹಿಂದಿನ ಶಕ್ತಿ. ಅವರು ಅಂಚೆಯ ಮೂಲಕವೂ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು. ವ್ಯಾಯಾಮಶಾಲೆಗೆ ಬರಲಾಗದ ಗುಮಾಸ್ತರು, ವಿದ್ಯಾರ್ಥಿಗಳು, ವಕೀಲರು ಮನೆಯಲ್ಲೇ ಮಾಡಿಕೊಳ್ಳಲು ಅನುವಾಗುವ ಕ್ರಮ ಅದು. ಯೋಗದ ಅಂಗಸಾಧನೆಯ ಬಗ್ಗೆ ಆ ಕಾಲದಲ್ಲಿ ಪುಸ್ತಕ ಬರೆದ, ಅಯ್ಯರ್ ಜೊತೆ ಕೆಲಸ ಮಾಡಿದ ಸುಂದರಂ ವೃತ್ತಿಯಿಂದ ವಕೀಲರು. ಮೇಜಿನ ಮುಂದೆ ಕೂತು ದುಡಿಯುವ ಮಧ್ಯಮ ವರ್ಗದವರಿಗೆ ಗಟ್ಟಿ ಮೈ ಬೇಕು, ಅದಕ್ಕಾಗಿ ಅವರು ಕೆಲಸ ಬಿಡಬೇಕಿಲ್ಲ ಎನ್ನುವ ವಿಚಾರ ಬೆಂಗಳೂರಿಗೆ ಹೊಸದಲ್ಲ. ತೊಂಬತ್ತು ವರ್ಷಗಳ ಹಿಂದೆಯೇ ಅದನ್ನು ಇಲ್ಲಿ ಕಲಿಸಲಾಗುತ್ತಿತ್ತು. ಮೈಸೂರು ದಸರೆಯ ಕ್ರೀಡೆಗಳಲ್ಲಿ ದೇಹದಾರ್ಢ್ಯಕ್ಕೆ ಇವತ್ತಿಗೂ ಜಾಗ ಇದೆ.

ಈ ಮಾತು ಗಂಡಸರಿಗೆ ಮಾತ್ರ ಸೀಮಿತವಲ್ಲ. ಅಂತರರಾಷ್ಟ್ರೀಯ ದೇಹದಾರ್ಢ್ಯ ಒಕ್ಕೂಟದ (ಐಎಫ್‌ಬಿಬಿ) ‘ಫಿಗರ್’ ವಿಭಾಗದಲ್ಲಿ ಭಾರತದ ಮೊದಲ ವೃತ್ತಿಪರ ಸ್ಪರ್ಧಿ ಎಂದು ಹೆಸರಾದ ದೀಪಿಕಾ ಚೌಧರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ಕೆಲಸ ಮಾಡುತ್ತಲೇ ಅಂತರರಾಷ್ಟ್ರೀಯ ವೇದಿಕೆ ಏರಿದವರು. ಹೆಣ್ಣುಮಕ್ಕಳಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ದೇಹಕ್ಕೆ ಬೇಕಾದಷ್ಟು ಶಕ್ತಿ ಊಟದಿಂದ ಸಿಗದಿದ್ದಾಗ ಮೊದಲು ಏರುಪೇರಾಗುವುದು ಮುಟ್ಟು. ಅದು ನಿಂತು ಹಲವು ತಿಂಗಳಾದರೆ ಮೂಳೆಯ ಬಲ ಕುಗ್ಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿಯ ಕೊರತೆಯನ್ನು ಗಂಡು, ಹೆಣ್ಣು ಇಬ್ಬರಿಗೂ ತಟ್ಟುವ ತೊಂದರೆಯೆಂದು ವಿವರಿಸಿತು. ಮುಟ್ಟು ನಿಂತರೆ ಅದು ಡಯಟ್ ಸರಿಯಾಗಿ ನಡೆಯುತ್ತಿರುವುದರ ಗುರುತು ಎಂದು ಹೇಳುವ ಕೋಚ್ ಇದ್ದರೆ ಅಂಥವರನ್ನು ಅಂದೇ ಬಿಡಬೇಕು. ಹೋಗಬೇಕಾದ್ದು ವೈದ್ಯರ ಬಳಿಗೆ.

ಇನ್ನು ಔಷಧದ ಮಾತು. ಇದನ್ನು ಮುಚ್ಚಿಟ್ಟು ದೇಹದಾರ್ಢ್ಯದ ಬಗ್ಗೆ ಬರೆಯುವುದು ಓದುಗರಿಗೆ ಮಾಡುವ ದ್ರೋಹ. ಭಾರತದಲ್ಲಿ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯ (‘ನಾಡಾ’) ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ದೇಹದಾರ್ಢ್ಯ ಪಟುಗಳ ಪಾಲು ಹಲವು ವರ್ಷ ದೊಡ್ಡದಾಗಿಯೇ ಇತ್ತು. ನೌಕರಿಯಲ್ಲಿರುವವರಿಗೆ ಈ ಸೆಳೆತ ಬೇರೆ ಬಗೆಯಲ್ಲಿ ಬರುತ್ತದೆ. ಟೈಮ್ ಇಲ್ಲ, ನಿದ್ದೆ ಇಲ್ಲ, ಆದರೆ ಸ್ಪರ್ಧೆ ಹತ್ತಿರ ಬಂದಿದೆ. ಆಗ ಜಿಮ್‌ನಲ್ಲಿ ಯಾರೋ ಒಬ್ಬರು ‘ಒಂದು ಸೈಕಲ್ ಹಾಕ್ಕೋ, ಎಲ್ಲಾ ಕವರ್ ಆಗುತ್ತೆ’ ಎನ್ನುತ್ತಾರೆ. ಕೈಯಲ್ಲಿ ಸಂಬಳ ಇರುವುದರಿಂದ ಕೊಳ್ಳುವುದೂ ಸುಲಭ. ಅನಬಾಲಿಕ್ ಸ್ಟೆರಾಯ್ಡ್‌ಗಳು ದೇಹದ ಸ್ವಂತ ಹಾರ್ಮೋನ್ ಉತ್ಪಾದನೆಯನ್ನು ನಿಲ್ಲಿಸುತ್ತವೆ, ವೀರ್ಯಾಣುಗಳ ಸಂಖ್ಯೆ ಇಳಿಸುತ್ತವೆ, ಹೃದಯದ ಗೋಡೆಯನ್ನು ದಪ್ಪಗಾಗಿಸುತ್ತವೆ, ಕೊಲೆಸ್ಟರಾಲ್ ಕೆಡಿಸುತ್ತವೆ. ಉದ್ದೇಶಪೂರ್ವಕವಾಗಿ ಬಳಸಿದ್ದು ಸಾಬೀತಾದರೆ ಸಾಮಾನ್ಯವಾಗಿ ನಾಲ್ಕು ವರ್ಷ ನಿಷೇಧ. ಕೊನೆಯ ವಾರದಲ್ಲಿ ನೀರು ಬಿಟ್ಟು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ‘ಡ್ರೈ’ ಆಗುವ ಅಭ್ಯಾಸ ಇನ್ನೂ ಅಪಾಯದ್ದು. ಅಲ್ಜೀರಿಯಾ ಮೂಲದ ಮೊಹಮ್ಮದ್ ಬೆನಜೀಜಾ 1992ರಲ್ಲಿ ನೆದರ್ಲೆಂಡ್ಸ್‌ನ ಸ್ಪರ್ಧೆ ಮುಗಿದ ಬೆನ್ನಲ್ಲೇ ಹೀಗೆ ದೇಹದ ನೀರು ಬತ್ತಿ ತೀರಿಕೊಂಡರು. ಆಗ ಅವರು ಜಗತ್ತಿನ ಮುಂಚೂಣಿಯ ವೃತ್ತಿಪರರಲ್ಲಿ ಒಬ್ಬರು. ಸಂಬಳಕ್ಕೆ ದುಡಿದು ಹವ್ಯಾಸಕ್ಕೆ ವೇದಿಕೆ ಏರುವವರು ಜಿಲ್ಲಾ ಟ್ರೋಫಿಗಾಗಿ ಇಂಥ ಅಪಾಯಕ್ಕೆ ಕೈಹಾಕಬಾರದು. ಬದುಕು ಒಂದು ಪ್ರಶಸ್ತಿಯ ಮೇಲೆ ನಿಂತಿಲ್ಲದಿರುವುದೇ ಅವರಿಗಿರುವ ದೊಡ್ಡ ಬಲ. ಇದು ಬೇಡ ಎನ್ನುವ ಸ್ವಾತಂತ್ರ್ಯವನ್ನು ಅವರಿಗೆ ಕೊಟ್ಟಿರುವುದು ನೌಕರಿಯೇ.

ನೌಕರಿ ಮತ್ತು ಸ್ಪರ್ಧೆ ಎರಡನ್ನೂ ವರ್ಷಗಟ್ಟಲೆ ತೂಗಿಸಿಕೊಂಡು ಬಂದವರು ಕೆಲಸ ಶುರು ಮಾಡುವುದು ಕ್ಯಾಲೆಂಡರ್ ಮುಂದೆ ಕೂತು. ಬ್ಯಾಂಕಿನವರು ಮಾರ್ಚ್ ಕೊನೆಗೆ ಬರುವ ಸ್ಪರ್ಧೆಯನ್ನು ಬಿಡುತ್ತಾರೆ. ತೆರಿಗೆ ಲೆಕ್ಕ ನೋಡುವವರು ಜುಲೈಯಿಂದ ದೂರ ಇರುತ್ತಾರೆ. ಪೊಲೀಸರು ಗಣೇಶನ ಹಬ್ಬದ ಬಂದೋಬಸ್ತ್, ಚುನಾವಣೆ ನೋಡಿಕೊಳ್ಳುತ್ತಾರೆ. ಮೇಷ್ಟ್ರುಗಳಿಗೆ ಪರೀಕ್ಷೆ, ಮೌಲ್ಯಮಾಪನ ಮುಗಿದ ಬೇಸಿಗೆ ರಜೆ ಅನುಕೂಲ. ಸ್ಪರ್ಧೆಯ ತಾರೀಕಿನಿಂದ ಹಿಂದಕ್ಕೆ ಎಣಿಸಿದಾಗ ಕೊನೆಯ ಆರು ವಾರ ಕಚೇರಿಯ ಅತಿ ಭಾರದ ದಿನಗಳ ಮೇಲೆ ಬೀಳಬಾರದು. ಮೊದಲ ಆರು ವಾರ ಬಿದ್ದರೆ ತಡೆದುಕೊಳ್ಳಬಹುದು. ಅವಸರಕ್ಕೆ ಬೀಳದಿರಲು ತಯಾರಿಯನ್ನು ಉದ್ದ ಮಾಡುವುದೇ ಉಪಾಯ. ವಾರಕ್ಕೆ ದೇಹದ ತೂಕದ ಶೇ 0.5ರಿಂದ ಶೇ 1ರಷ್ಟು ಮಾತ್ರ ಇಳಿಸಿದರೆ ಸ್ನಾಯು ಉಳಿಯುತ್ತದೆ ಎಂದು ಕ್ರೀಡಾ ಪೋಷಣೆಯ ತಜ್ಞರು ಹೇಳುತ್ತಾರೆ. 80 ಕೆ.ಜಿ.ಯವರಿಗೆ ಅದು ವಾರಕ್ಕೆ ಹೆಚ್ಚೆಂದರೆ 800 ಗ್ರಾಂ. ವರ್ಷಕ್ಕೆ ಒಂದೇ ಸ್ಪರ್ಧೆ ಸಾಕು, ಎರಡು ವರ್ಷಕ್ಕೊಂದು ಆದರೆ ಇನ್ನೂ ಒಳ್ಳೆಯದು. ಮಧ್ಯದ ತಿಂಗಳುಗಳಲ್ಲಿ ಹೊಟ್ಟೆ ತುಂಬ ಉಂಡು, ಗಟ್ಟಿಯಾಗಿ ಎತ್ತಿ, ಕಚೇರಿಯ ಕೆಲಸಕ್ಕೆ ಪೂರ್ತಿ ಮನಸ್ಸು ಕೊಡಬಹುದು.

ಇನ್ನೊಂದು ಕೆಲಸವನ್ನು ಬಹಳ ಮಂದಿ ಮುಂದೂಡುತ್ತಾರೆ. ಅದು ಪೋಸಿಂಗ್ ಅಭ್ಯಾಸ. ಗಂಡಸರ ದೇಹದಾರ್ಢ್ಯದಲ್ಲಿ ಏಳು ಕಡ್ಡಾಯ ಭಂಗಿಗಳಿವೆ. ಒಂದೊಂದನ್ನೂ ಉಸಿರು ಬಿಗಿಹಿಡಿಯದೆ, ಮುಖದಲ್ಲಿ ನಗು ಇಟ್ಟುಕೊಂಡು, ಕಾಲಿನ ಸ್ನಾಯುಗಳನ್ನೂ ಬಿಗಿದು ನಿಲ್ಲುವುದು ಕಬ್ಬಿಣ ಎತ್ತಿದಷ್ಟೇ ಆಯಾಸ. ಇದಕ್ಕೆ ಜಿಮ್ ಬೇಡ, ಕನ್ನಡಿ ಸಾಕು. ರಾತ್ರಿ ಊಟಕ್ಕೆ ಮೊದಲು ಕಾಲು ಗಂಟೆ ಎತ್ತಿಟ್ಟವರಿಗೆ ವೇದಿಕೆಯ ಮೇಲೆ ಕೈಕಾಲು ನಡುಗುವುದಿಲ್ಲ. ಕೆಲಸದವರಿಗೆ ಕಡಿಮೆ ಸಮಯದಲ್ಲಿ ಹೆಚ್ಚು ಅಂಕ ತರುವ ಅಭ್ಯಾಸ ಇದ್ದರೆ ಅದು ಇದೇ.

ಮನೆಯವರಿಗೂ ಮ್ಯಾನೇಜರಿಗೂ ಮೊದಲೇ ಹೇಳಬೇಕು. ಗುಟ್ಟಾಗಿ ಡಯಟ್ ಮಾಡಿ, ಹತ್ತನೇ ವಾರದಲ್ಲಿ ಸಿಡುಕಿ, ಆಮೇಲೆ ಕಾರಣ ಹೇಳಿದರೆ ಕೇಳುವವರಿಗೆ ಅದು ನೆಪವಾಗಿ ಕೇಳಿಸುತ್ತದೆ. ‘ಈ ತಾರೀಕಿನಿಂದ ಈ ತಾರೀಕಿನವರೆಗೆ ನಾನು ಸ್ವಲ್ಪ ಮಂಕಾಗಿರುತ್ತೇನೆ, ದೊಡ್ಡ ನಿರ್ಧಾರಗಳನ್ನು ಅದಕ್ಕೆ ಮೊದಲೇ ಮುಗಿಸೋಣ’ ಎಂದು ಮುಂಚೆಯೇ ಹೇಳಿದವರಿಗೆ ಕಚೇರಿಯಲ್ಲಿ ಸಾಮಾನ್ಯವಾಗಿ ಸಹಕಾರ ಸಿಗುತ್ತದೆ. ವಾಹನ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು, ಶಸ್ತ್ರಚಿಕಿತ್ಸೆ ಮಾಡುವವರು, ಬಂದೂಕು ಹಿಡಿಯುವವರು ಇನ್ನೂ ಕಟ್ಟುನಿಟ್ಟಾಗಿರಬೇಕು. ಕೊನೆಯ ವಾರ ರಜೆ ಸಿಗದಿದ್ದರೆ ಅವರು ಆ ವರ್ಷದ ಸ್ಪರ್ಧೆಯನ್ನೇ ಬಿಡಬೇಕು. ಅವರ ಒಂದು ಕ್ಷಣದ ಮಂಕು ಇನ್ನೊಬ್ಬರ ಪ್ರಾಣಕ್ಕೆ ಸಂಬಂಧಿಸಿದ್ದು.

ಕೋಲ್ಮನ್ ಅವರ ಮುಂದಿನ ಬದುಕೂ ಈ ಲೆಕ್ಕದಲ್ಲಿ ಸೇರಬೇಕು. 800 ಪೌಂಡ್, ಅಂದರೆ 360 ಕೆ.ಜಿ.ಗೂ ಹೆಚ್ಚು ಭಾರ ಹೊತ್ತು ಬಸ್ಕಿ ಹೊಡೆದ ಮನುಷ್ಯ ನಿವೃತ್ತಿಯ ನಂತರ ಬೆನ್ನು, ಸೊಂಟದ ಸರಣಿ ಶಸ್ತ್ರಚಿಕಿತ್ಸೆಗಳಿಗೆ ಒಳಗಾದರು. ನಡೆಯಲು ಊರುಗೋಲು, ಗಾಲಿಕುರ್ಚಿ ಬೇಕಾಯಿತು. 2018ರ ಸಾಕ್ಷ್ಯಚಿತ್ರದಲ್ಲಿ ಅದೆಲ್ಲವನ್ನೂ ಅವರು ಮುಚ್ಚುಮರೆಯಿಲ್ಲದೆ ತೋರಿಸಿದ್ದಾರೆ. ಜೀವನವನ್ನೇ ಪಣಕ್ಕಿಟ್ಟ ಜಗತ್ತಿನ ಮೊದಲಿಗರೇ ಇಷ್ಟು ತೆತ್ತಿದ್ದಾರೆ ಎಂದರೆ, ಬೆಳಿಗ್ಗೆ ಪಂಚ್ ಹಾಕುವ ಪಟು ತಾನು ಎಲ್ಲಿ ನಿಲ್ಲಬೇಕೆಂದು ತಯಾರಿಗೆ ಇಳಿಯುವ ಮೊದಲೇ ಗೆರೆ ಎಳೆದುಕೊಳ್ಳಬೇಕು.

ರಜೆ ಹಾಕುವಾಗ ಎಲ್ಲರೂ ಮರೆಯುವುದು ಸ್ಪರ್ಧೆಯ ನಂತರದ ದಿನಗಳನ್ನು. ಟ್ರೋಫಿ ಹಿಡಿದ ರಾತ್ರಿಯೇ ಬಿರಿಯಾನಿ, ಸಿಹಿ, ಐಸ್‌ಕ್ರೀಂ ಶುರುವಾಗುತ್ತದೆ. ತಿಂಗಳುಗಟ್ಟಲೆ ಹಸಿದ ದೇಹ ಸಿಕ್ಕಿದ್ದನ್ನೆಲ್ಲ ಹಿಡಿದಿಡುತ್ತದೆ. ವಾರದೊಳಗೆ ಕಾಲು ಊದಿಕೊಂಡು ಶೂ ಹತ್ತದಂತಾಗುವುದೂ ಉಂಟು. ಕನ್ನಡಿಯಲ್ಲಿ ಗೀರುಗಳು ಮಾಯವಾದಾಗ ಮನಸ್ಸು ಕುಗ್ಗುತ್ತದೆ. ಮೇಲೆ ಹೇಳಿದ 2013ರ ಅಧ್ಯಯನದ ಪಟುವಿನ ಎದೆಬಡಿತ ಒಂದೇ ತಿಂಗಳಲ್ಲಿ 27ರಿಂದ 46ಕ್ಕೆ ಮರಳಿತು. ಆದರೆ ತಯಾರಿಯಲ್ಲಿ ಕಳೆದುಕೊಂಡ ಬಲ ಆರು ತಿಂಗಳಾದರೂ ಪೂರ್ತಿ ಬರಲಿಲ್ಲ. ಆದ್ದರಿಂದ ಐದು ದಿನ ರಜೆ ಇದೆ ಎಂದಾದರೆ ಮೂರನ್ನು ಸ್ಪರ್ಧೆಗೆ ಮೊದಲು ಹಾಕಿಕೊಂಡು ಎರಡನ್ನು ಆಮೇಲಕ್ಕೆ ಉಳಿಸಿಕೊಳ್ಳಬೇಕು. ಊಟವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು, ಮುಂದಿನ ಎರಡು ತಿಂಗಳು ಇನ್ನೊಂದು ಸ್ಪರ್ಧೆಯ ಫಾರಂ ತುಂಬಬಾರದು, ತಿಂಗಳ ಕೊನೆಗೆ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಂಡು ವೈದ್ಯರಿಗೆ ತೋರಿಸಬೇಕು.